ಜಮಾ ಕಲಮಿಲ್ಲದ ಕೆಲಸ
ಅಮೆರಿಕದ ಫುಟ್‌ಬಾಲಿನಲ್ಲಿ ಲೈನ್‌ಮನ್ ಎಂಬವನ ಬದುಕು

ಫುಟ್‌ಬಾಲ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಾಲಿನಿಂದ ಒದೆಯುವ ದುಂಡನೆಯ ಚೆಂಡು. ಅಮೆರಿಕದವರು ಅದಕ್ಕೆ ಸಾಕರ್ ಅಂತಾರೆ. ಅವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ಎರಡೂ ತುದಿ ಚೂಪಾದ ತೆಂಗಿನಕಾಯಿಯ ಹಾಗಿರುತ್ತದೆ. ಕಾಲಿಗೆ ಕೆಲಸ ಕಡಿಮೆ, ಕೈಗೆ ಹೆಚ್ಚು, ಮೈಗೆ ಎಲ್ಲಕ್ಕಿಂತ ಹೆಚ್ಚು. ಕನ್ನಡ ಶಾಲೆಯಲ್ಲಿ ಓದಿ ಕಾಮರ್ಸ್ ಕಾಲೇಜಿಗೆ ಬಂದ ನನಗೆ ಇದರ ಪರಿಭಾಷೆ ತಲೆಗೆ ಹತ್ತಲು ಬಹಳ ದಿನ ಹಿಡಿಯಿತು. ಹತ್ತಿದ ಮೇಲೆ ಮಾತ್ರ ಒಂದು ವಿಷಯ ನನ್ನನ್ನು ಬಿಡಲೇ ಇಲ್ಲ. ಈ ಆಟದಲ್ಲಿ ಐದು ಜನ ಇದ್ದಾರೆ. ಅವರಿಲ್ಲದೆ ಆಟ ಒಂದು ಕ್ಷಣವೂ ನಡೆಯದು. ಆದರೆ ಪಂದ್ಯ ಮುಗಿದ ಮೇಲೆ ಅಚ್ಚಾಗುವ ಅಂಕಿಅಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಬರೆಯಲು ಏನೂ ಇರುವುದಿಲ್ಲ. ಅವರಿಗೆ ಅಫೆನ್ಸಿವ್ ಲೈನ್‌ಮನ್ ಎಂದು ಹೆಸರು. ಅವರ ವೃತ್ತಿ ಎಂಥದು, ಅದರಲ್ಲಿ ಗಳಿಕೆ ಎಷ್ಟು, ಸವಕಳಿ ಎಷ್ಟು ಎಂದು ನಮ್ಮ ಬಳಗದ ಗೆಳೆಯರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ಸಾಹಿತ್ಯದ ಪತ್ರಿಕೆಯಲ್ಲಿ ಈ ಆಟ ಯಾಕಪ್ಪಾ ಅಂತ ಈಗಲೇ ಕೇಳಬೇಡಿ. ಕೊನೆಯವರೆಗೆ ಓದಿ, ಆಮೇಲೆ ಕೇಳಿ.

ಮೊದಲು ಆಟ

ಒಂದು ತಂಡಕ್ಕೆ ಹನ್ನೊಂದು ಜನ. ಮೈದಾನ 100 ಗಜ ಉದ್ದ. ಎರಡು ತುದಿಗೂ ಇನ್ನೂ ಹತ್ತು ಹತ್ತು ಗಜದ ಪಟ್ಟಿ ಇರುತ್ತದೆ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ನಾಲ್ಕು ಅವಕಾಶ. ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಹೀಗೆ ಗಜ ಗಜವಾಗಿ ಗಳಿಸುತ್ತ ಕೊನೆಯ ಪಟ್ಟಿಯೊಳಕ್ಕೆ ಚೆಂಡನ್ನು ಒಯ್ದರೆ ಟಚ್‌ಡೌನ್, ಆರು ಅಂಕ.

ಚೆಂಡು ಹಿಡಿದ ತಂಡದ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಅಂತಾರೆ. ಅವನು ಚೆಂಡನ್ನು ದೂರ ಓಡುತ್ತಿರುವ ಗೆಳೆಯನಿಗೆ ಎಸೆಯಬಹುದು, ಇಲ್ಲವೇ ಪಕ್ಕದ ಓಟಗಾರನ ಕೈಗೆ ಕೊಟ್ಟು ನುಗ್ಗಿಸಬಹುದು. ಎದುರಾಳಿಗಳ ಗುರಿ ಒಂದೇ: ಅವನು ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವುವುದು. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಹೋದವನು ಒಂಟಿ, ಅವನನ್ನು ಕಾಯಲು ಯಾರೂ ಇಲ್ಲ. ಇಲ್ಲಿ ಹಾಗಲ್ಲ. ಕ್ವಾರ್ಟರ್‌ಬ್ಯಾಕಿನ ಮುಂದೆ ಐದು ಜನ ಗೋಡೆಯ ಹಾಗೆ ನಿಲ್ಲುತ್ತಾರೆ. ಆ ಗೋಡೆಯೇ ನಮ್ಮ ಲೇಖನದ ನಾಯಕ.

ಐವರು

ನಡುವೆ ಇರುವವನು ಸೆಂಟರ್. ಬಗ್ಗಿ, ಎರಡು ಕಾಲಿನ ಸಂದಿಯಿಂದ ಚೆಂಡನ್ನು ಹಿಂದೆ ಕೊಡುವವನು ಇವನೇ. ಅವನು ಕೊಟ್ಟಾಗಲೇ ಆಟ ಶುರು. ಅವನ ಎಡಬಲಕ್ಕೆ ಒಬ್ಬೊಬ್ಬ ಗಾರ್ಡ್. ಅವರ ಆಚೆ ಎರಡು ತುದಿಯಲ್ಲಿ ಒಬ್ಬೊಬ್ಬ ಟ್ಯಾಕಲ್. ನಿಯಮ ಹೇಗಿದೆ ನೋಡಿ: ಸಾಮಾನ್ಯವಾಗಿ ಈ ಐವರು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ. ಎಸೆಯುವ ಮೊದಲು ಗೆರೆಯಿಂದ ಒಂದು ಗಜಕ್ಕಿಂತ ಮುಂದೆ ಹೋಗುವಂತೆಯೂ ಇಲ್ಲ. ಎದುರಿನವನನ್ನು ಕೈಯಿಂದ ತಳ್ಳಬಹುದು, ಹಿಡಿದು ಎಳೆಯುವಂತಿಲ್ಲ. ಚೆಂಡು ಹೊರಡುವ ಮೊದಲು ಒಂದು ಚೂರು ಅಲ್ಲಾಡಿದರೂ ತಪ್ಪು.

ಇನ್ನು ಕೆಲಸ. ಚೆಂಡು ಹೊರಟ ಕೂಡಲೇ ಎದುರಿನಿಂದ ಒಬ್ಬ ದೈತ್ಯ ನುಗ್ಗಿ ಬರುತ್ತಾನೆ. ಅವನನ್ನು ಮೂರು ಸೆಕೆಂಡು ತಡೆದರೆ ಸಾಕು. ಮೂರು ಸೆಕೆಂಡೇ ಅಂತ ನಗಬೇಡಿ. ಇವನು ಹಿಂದೆ ಹಿಂದೆ ಹೆಜ್ಜೆ ಇಡುತ್ತ ತಡೆಯಬೇಕು, ಅವನು ಮುಂದೆ ಓಡುತ್ತ ಬರುತ್ತಾನೆ. ಅವನು ಎಲ್ಲಿಗೆ ಬೇಕಾದರೂ ತಿರುಗಬಹುದು, ಇವನು ಊಹಿಸಬೇಕು. ಐವರಲ್ಲಿ ಒಬ್ಬ ತಪ್ಪಿದರೂ ಉಳಿದ ನಾಲ್ವರ ಶ್ರಮ ನೀರಿಗೆ ಹೋದಂತೆ. ಇದರಲ್ಲಿ ಮೈಬಲದಷ್ಟೇ ತಲೆಯೂ ಬೇಕು. ಎದುರಾಳಿಗಳು ನಿಂತ ರೀತಿ ನೋಡಿ ಯಾರು ಯಾರನ್ನು ತಡೆಯಬೇಕೆಂದು ಸೆಂಟರ್ ಆ ಕ್ಷಣವೇ ಕೂಗಿ ಹೇಳಬೇಕು.

ಇಂಥ ಸೆಣಸಾಟ ಒಂದು ಪಂದ್ಯದಲ್ಲಿ ಎಷ್ಟು ಸಲ? ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಜೋ ಥಾಮಸ್ ಎಂಬ ಎಡ ಟ್ಯಾಕಲ್ ಇದ್ದ. 2007ರಲ್ಲಿ ಸೇರಿದವನು 2017ರ ಅಕ್ಟೋಬರಿನಲ್ಲಿ ತೋಳಿನ ಸ್ನಾಯು ಹರಿಯುವವರೆಗೆ ಒಂದೇ ಒಂದು ಸಲವೂ ಹೊರಗೆ ಕೂರಲಿಲ್ಲ. 167 ಪಂದ್ಯಗಳಲ್ಲಿ ಸತತ 10,363 ಸಲ ಗೆರೆಗೆ ಬಂದು ಬಗ್ಗಿದ. ಭಾಗಿಸಿ ನೋಡಿ, ಪಂದ್ಯಕ್ಕೆ 62 ಬರುತ್ತದೆ. ಅಂದರೆ ಒಂದು ಸಂಜೆಗೆ 62 ಸಲ ಗೂಳಿ ಕಾಳಗ! ವಾರವಿಡೀ ನಡೆಯುವ ಅಭ್ಯಾಸದ ಢಿಕ್ಕಿಗಳನ್ನು ಇದರಲ್ಲಿ ಸೇರಿಸಿಲ್ಲ.

ಲೆಡ್ಜರಿನಲ್ಲಿ ಒಂದೇ ಕಲಮು

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ: ಪ್ರತಿಯೊಂದು ಖಾತೆಗೂ ಎರಡು ಬದಿ, ಒಂದು ಜಮಾ, ಒಂದು ಖರ್ಚು. ಲೈನ್‌ಮನ್‌ನ ಖಾತೆ ನೋಡಿದರೆ ಮೇಷ್ಟ್ರಿಗೇ ತಲೆ ತಿರುಗಬಹುದು. ಕ್ವಾರ್ಟರ್‌ಬ್ಯಾಕಿಗೆ ಎಸೆದ ಗಜಗಳ ಲೆಕ್ಕ ಇದೆ. ಓಟಗಾರನಿಗೆ ಓಡಿದ ಗಜಗಳ ಲೆಕ್ಕ ಇದೆ. ಹಿಡಿದವನಿಗೆ ಹಿಡಿದದ್ದರ ಲೆಕ್ಕ. ಎದುರು ತಂಡದವನಿಗೂ ಎಷ್ಟು ಸಲ ಕೆಡವಿದ ಎಂಬ ಲೆಕ್ಕ. ಲೈನ್‌ಮನ್ ಚೆನ್ನಾಗಿ ತಡೆದರೆ? ಏನೂ ಆಗಲಿಲ್ಲ, ಅಷ್ಟೇ. ಏನೂ ಆಗದ್ದನ್ನು ಯಾವ ಕಲಮಿನಲ್ಲಿ ಬರೆಯುವುದು?

ಖರ್ಚಿನ ಬದಿಗೆ ಮಾತ್ರ ನಮೂದು ತಪ್ಪುವುದಿಲ್ಲ. ಎದುರಾಳಿಯನ್ನು ಹಿಡಿದೆಳೆದರೆ ತಂಡಕ್ಕೆ ಹತ್ತು ಗಜ ದಂಡ. ಮೊದಲೇ ಅಲ್ಲಾಡಿದರೆ ಐದು ಗಜ. ಆಗ ರೆಫರಿ ಮೈಕಿನಲ್ಲಿ ಇವನ ನಂಬರನ್ನು ಸ್ಟೇಡಿಯಂಗೆಲ್ಲ ಕೇಳುವಂತೆ ಸಾರುತ್ತಾನೆ. ಅರವತ್ತು ಸಾವಿರ ಜನಕ್ಕೆ ಇವನೊಬ್ಬ ಇದ್ದಾನೆಂದು ಗೊತ್ತಾಗುವುದೇ ಆಗ. ಅಡುಗೆಯಲ್ಲಿ ಉಪ್ಪು ಸರಿಯಿದ್ದರೆ ಯಾರೂ ಉಪ್ಪಿನ ಮಾತೆತ್ತುವುದಿಲ್ಲ, ಕೆಟ್ಟರೆ ಮಾತ್ರ ಎತ್ತುತ್ತಾರೆ. ಲೈನ್‌ಮನ್‌ನ ಪಾಡೂ ಅದೇ. ಈ ಆಟದ ಮಹಾಪಂದ್ಯವಾದ ಸೂಪರ್ ಬೌಲ್ 1967ರಲ್ಲಿ ಶುರುವಾಯಿತು. 2025ರವರೆಗಿನ 59 ಪಂದ್ಯಗಳಲ್ಲಿ ಒಬ್ಬನೇ ಒಬ್ಬ ಅಫೆನ್ಸಿವ್ ಲೈನ್‌ಮನ್‌ಗೂ ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂದಿಲ್ಲ.

ಹಾಗಾದರೆ ಸಂಬಳವೂ ಇಲ್ಲವೇ? ಇಲ್ಲಿ ಕತೆಗೆ ಒಂದು ತಿರುವು ಇದೆ. ಬಲಗೈಯಿಂದ ಎಸೆಯುವ ಕ್ವಾರ್ಟರ್‌ಬ್ಯಾಕ್ ಎಸೆಯುವಾಗ ಬಲಕ್ಕೆ ತಿರುಗಿರುತ್ತಾನೆ, ಎಡಗಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. 1985ರ ನವೆಂಬರ್ 18ರ ರಾತ್ರಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಲಾರೆನ್ಸ್ ಟೇಲರ್ ಮೇಲೆ ಬಿದ್ದಾಗ ವಾಷಿಂಗ್ಟನ್ ತಂಡದ ಜೋ ಥೀಸ್‌ಮನ್‌ನ ಕಾಲಿನ ಮೂಳೆ ಮುರಿಯಿತು. ಅದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಥೀಸ್‌ಮನ್ ಮತ್ತೆ ಆಡಲಿಲ್ಲ. ಟೇಲರ್‌ನಂಥವರನ್ನು ತಡೆಯುವ ಎಡ ಟ್ಯಾಕಲ್ ಎಷ್ಟು ಬೆಲೆಯವನೆಂದು ಮಾಲೀಕರಿಗೆ ನಿಧಾನವಾಗಿ ಅರ್ಥವಾಯಿತು. ಲಕ್ಷಗಟ್ಟಲೆ ಡಾಲರ್ ಕೊಟ್ಟು ತಂದ ಕ್ವಾರ್ಟರ್‌ಬ್ಯಾಕ್ ಆಸ್ತಿಯಾದರೆ ಇವನು ಅದರ ಇನ್ಶೂರೆನ್ಸ್ ಪಾಲಿಸಿ. 1993ರಲ್ಲಿ ಕರಾರು ಮುಗಿದ ಆಟಗಾರರಿಗೆ ಬೇರೆ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಸಿಕ್ಕಿತು. ಮಾರುಕಟ್ಟೆ ತೆರೆದ ಕೂಡಲೇ ಬೆಲೆ ಏರಿತು. 2024ರಲ್ಲಿ ಟ್ಯಾಂಪಾ ಬೇ ತಂಡದ ಟ್ರಿಸ್ಟನ್ ವರ್ಫ್ಸ್‌ಗೆ ಐದು ವರ್ಷಕ್ಕೆ 14 ಕೋಟಿ ಡಾಲರಿಗೂ ಮೀರಿದ ಕರಾರು ಆಯಿತು.

ಈ ಸ್ವಾತಂತ್ರ್ಯ ತಂದುಕೊಟ್ಟವರಲ್ಲಿ ಮುಖ್ಯನಾದವನೂ ಒಬ್ಬ ಲೈನ್‌ಮನ್ನೇ. ಜೀನ್ ಅಪ್‌ಶಾ 1967ರಿಂದ 1981ರವರೆಗೆ ಓಕ್‌ಲ್ಯಾಂಡ್ ರೈಡರ್ಸ್ ತಂಡದ ಗಾರ್ಡ್. 1983ರಿಂದ 2008ರಲ್ಲಿ ಸಾಯುವವರೆಗೂ ಆಟಗಾರರ ಯೂನಿಯನ್ನಿನ ಮುಖ್ಯಸ್ಥ. 1987ರ ಮುಷ್ಕರ 24 ದಿನ ನಡೆದು ಸೋತಿತು. ಮಾಲೀಕರು ಬದಲಿ ಆಟಗಾರರನ್ನು ಕರೆತಂದು ಪಂದ್ಯ ನಡೆಸಿಬಿಟ್ಟರು. ಆಮೇಲೆ ಯೂನಿಯನ್ ಕೋರ್ಟಿನ ದಾರಿ ಹಿಡಿದು ಗೆದ್ದಿತು. ಆದರೆ ಇದೇ ಅಪ್‌ಶಾ ಕಾಲದಲ್ಲಿ ಹಳೆಯ ನಿವೃತ್ತ ಆಟಗಾರರು, ನಮ್ಮ ಪೆನ್ಶನ್ನಿನ ಗತಿ ಏನು ಎಂದು ಅವನನ್ನೇ ದೂರಿದ್ದೂ ಉಂಟು.

ದೊಡ್ಡ ಮೊತ್ತ ನೋಡಿ ಮೋಸ ಹೋಗಬಾರದು. ಕರಾರಿನಲ್ಲಿ ಬರೆದ ಹಣವೆಲ್ಲ ಖಾತ್ರಿಯದ್ದಲ್ಲ. ಖಾತ್ರಿಯೆಂದು ಬರೆದದ್ದನ್ನು ಬಿಟ್ಟು ಉಳಿದದ್ದು ಕೆಲಸದಿಂದ ತೆಗೆದ ದಿನವೇ ನಿಂತುಹೋಗುತ್ತದೆ. ಯೂನಿಯನ್ನಿನ ಲೆಕ್ಕದಂತೆ ಒಬ್ಬ ಆಟಗಾರನ ಸರಾಸರಿ ಆಯುಷ್ಯ ಮೂರು ವರ್ಷದ ಮೇಲೆ ಕೆಲವು ತಿಂಗಳು. ಡಿಗ್ರಿ ಮುಗಿಸಲು ನಮಗೆ ಬೇಕಾದಷ್ಟೇ ಕಾಲ!

ಮೈಕ್ ವೆಬ್‌ಸ್ಟರ್

ಈಗ ಒಬ್ಬನ ಬದುಕನ್ನೇ ಹಿಡಿದು ನೋಡೋಣ. ಮೈಕ್ ವೆಬ್‌ಸ್ಟರ್ ಹುಟ್ಟಿದ್ದು 1952ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಟೊಮಹಾಕ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಆಲೂಗಡ್ಡೆ ಬೆಳೆಯುವ ಹೊಲದಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಡಿ ಹೆಸರು ಮಾಡಿದ. ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ಅಲ್ಲಿದೆ, ಅದಕ್ಕೆ ಡ್ರಾಫ್ಟ್ ಅಂತಾರೆ. 1974ರ ಡ್ರಾಫ್ಟಿನಲ್ಲಿ 124 ಜನರನ್ನು ಆರಿಸಿದ ಮೇಲೆ, ಐದನೆಯ ಸುತ್ತಿನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಇವನನ್ನು ತೆಗೆದುಕೊಂಡಿತು. ಎತ್ತರ ಆರಡಿ ಒಂದಂಗುಲ, ತೂಕ ಸುಮಾರು 116 ಕಿಲೋ. ಈಗಿನ ಲೈನ್‌ಮನ್‌ಗಳು 140 ಕಿಲೋದ ಆಸುಪಾಸು ಇರುತ್ತಾರೆ. ಅವರ ಮುಂದೆ ಇವನು ಸಣಕಲ.

ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳ ಊರು, ತಂಡದ ಹೆಸರಿನಲ್ಲೇ ಉಕ್ಕಿದೆ. ಮೈನಸ್ ಚಳಿಯಲ್ಲೂ ತೋಳಿನ ಬಟ್ಟೆ ಮೇಲಕ್ಕೆ ಸುತ್ತಿ, ಬರಿ ತೋಳು ಬಿಟ್ಟುಕೊಂಡು, ಉಳಿದವರು ನಡೆದು ಬರುವಾಗ ಗೆರೆಗೆ ಓಡಿಯೇ ಬರುತ್ತಿದ್ದ ಈ ಸೆಂಟರನ್ನು ಜನ ಮೆಚ್ಚಿಕೊಂಡರು, 'ಕಬ್ಬಿಣದ ಮೈಕ್' ಎಂದು ಕರೆದರು. ತಂಡ 1975, 1976, 1979, 1980ರ ಸೂಪರ್ ಬೌಲ್‌ಗಳನ್ನು ಗೆದ್ದಿತು. ನಾಲ್ಕರಲ್ಲೂ ವೆಬ್‌ಸ್ಟರ್ ಇದ್ದ. ಶ್ರೇಷ್ಠ ಆಟಗಾರ ಪ್ರಶಸ್ತಿ ಯಾರಿಗೆ ಹೋಯಿತು ಗೊತ್ತೇ? ಮೊದಲನೆಯದು ಓಟಗಾರ ಫ್ರಾಂಕೊ ಹ್ಯಾರಿಸ್‌ಗೆ, ಎರಡನೆಯದು ಚೆಂಡು ಹಿಡಿಯುವ ಲಿನ್ ಸ್ವಾನ್‌ಗೆ, ಉಳಿದೆರಡೂ ಕ್ವಾರ್ಟರ್‌ಬ್ಯಾಕ್ ಟೆರ್ರಿ ಬ್ರಾಡ್‌ಶಾಗೆ. ಬ್ರಾಡ್‌ಶಾಗೆ ಚೆಂಡು ಕೊಡುತ್ತಿದ್ದ ಕೈ ಯಾರದ್ದು ಎಂದು ನಾನು ಹೇಳಬೇಕಾಗಿಲ್ಲ.

ಮೊದಲ ಎರಡು ವರ್ಷ ಹಿರಿಯ ಸೆಂಟರ್ ರೇ ಮ್ಯಾನ್ಸ್‌ಫೀಲ್ಡ್ ಜೊತೆ ಕೆಲಸ ಹಂಚಿಕೊಂಡ. ಆಮೇಲೆ 1986ರಲ್ಲಿ ಮೊಣಕೈ ಕೀಲು ತಪ್ಪುವವರೆಗೆ ಸತತ 150 ಪಂದ್ಯಗಳನ್ನು ಮೊದಲ ಕ್ಷಣದಿಂದ ಆಡಿದ. ಪಿಟ್ಸ್‌ಬರ್ಗಿನಲ್ಲಿ 15 ಋತು, 220 ಪಂದ್ಯ. 1989ರಲ್ಲಿ ಕೋಚ್ ಆಗಲೆಂದು ಕ್ಯಾನ್ಸಸ್ ಸಿಟಿಗೆ ಹೋದವನು ಅಲ್ಲೂ ಪ್ಯಾಡು ಕಟ್ಟಿ ಎರಡು ಋತು ಆಡಿಬಿಟ್ಟ. ಒಟ್ಟು 17 ಋತು, 245 ಪಂದ್ಯ. 1997ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿರುವ ಫುಟ್‌ಬಾಲ್ ಕೀರ್ತಿಭವನಕ್ಕೆ ಅವನ ಹೆಸರು ಸೇರಿತು. ಆ ಸಮಾರಂಭದಲ್ಲಿ ಬ್ರಾಡ್‌ಶಾ ಒಂದು ಚೆಂಡು ತಂದು, ಇವನನ್ನು ವೇದಿಕೆಯ ಮೇಲೇ ಬಗ್ಗಿಸಿ ಕೊನೆಯ ಸಲ ಚೆಂಡು ಈಸಿಕೊಂಡ. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ಆ ಹೊತ್ತಿಗೆ ವೆಬ್‌ಸ್ಟರ್‌ಗೆ ಮನೆಯಿರಲಿಲ್ಲ. ಕೆಲವು ರಾತ್ರಿ ತನ್ನ ಟ್ರಕ್ಕಿನಲ್ಲಿ, ಕೆಲವು ರಾತ್ರಿ ರೈಲು ನಿಲ್ದಾಣದಲ್ಲಿ ಮಲಗುತ್ತಿದ್ದ. ಊಟ ಮರೆಯುತ್ತಿದ್ದ, ದಾರಿ ಮರೆಯುತ್ತಿದ್ದ. ಸಂಸಾರ ಮುರಿದಿತ್ತು, ಹಣ ಕರಗಿತ್ತು. ಉದುರುವ ಹಲ್ಲನ್ನು ಅಂಟಿನಿಂದ ಕೂರಿಸಿಕೊಳ್ಳುತ್ತಿದ್ದ. ನಿದ್ದೆ ಬಾರದೆ ವಿದ್ಯುತ್ ಶಾಕ್ ಕೊಡುವ ಪಿಸ್ತೂಲಿನಿಂದ ತನಗೆ ತಾನೇ ಶಾಕ್ ಕೊಟ್ಟುಕೊಂಡು ಪ್ರಜ್ಞೆ ತಪ್ಪಿ ಮಲಗುತ್ತಿದ್ದ. 1999ರಲ್ಲಿ ಔಷಧಿಗಾಗಿ ಸುಳ್ಳು ಚೀಟಿ ಬರೆದ ಕೇಸಿನಲ್ಲಿ ಕೋರ್ಟಿಗೆ ಹೋಗಬೇಕಾಯಿತು. 2002ರ ಸೆಪ್ಟೆಂಬರ್ 24ರಂದು ಹೃದಯಾಘಾತದಿಂದ ಸತ್ತ. ವಯಸ್ಸು ಕೇವಲ 50.

ತಲೆಬುರುಡೆಯ ಒಳಗೆ

ಪಿಟ್ಸ್‌ಬರ್ಗಿನ ಶವಪರೀಕ್ಷೆ ಇಲಾಖೆಯಲ್ಲಿ ಆಗ ಬೆನ್ನೆಟ್ ಒಮಾಲು ಎಂಬ ವೈದ್ಯರಿದ್ದರು. ನೈಜೀರಿಯಾದಲ್ಲಿ ಹುಟ್ಟಿ ಬೆಳೆದವರು. ಸ್ಟೀಲರ್ಸ್ ತಂಡದ ದೊಡ್ಡ ಹೆಸರಾಗಲಿ ಆ ಆಟದ ಮೋಹವಾಗಲಿ ಅವರಿಗೆ ಇರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತು. ವೆಬ್‌ಸ್ಟರ್‌ನ ಮಿದುಳು ಹೊರಗಿನಿಂದ ಸರಿಯಾಗಿಯೇ ಕಂಡಿತು. ಇಂಥ ನಡವಳಿಕೆಯವನ ಮಿದುಳು ಸರಿಯಿರಲು ಸಾಧ್ಯವೇ ಎಂದು ಅವರು ಬಿಡದೆ, ಸ್ವಂತ ಹಣ ಹಾಕಿ ಅದನ್ನು ತೆಳ್ಳಗೆ ಕೊಯ್ಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿ ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಕೂತಿತ್ತು.

ಇದನ್ನು ಸರಳವಾಗಿ ಹೇಳ್ತೀನಿ. ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಡಗಡ ಅನ್ನುತ್ತದಲ್ಲ, ಮಿದುಳು ಅಷ್ಟು ಸಡಿಲವಲ್ಲ. ಆದರೂ ಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಓಡುವ ತಲೆ ತಟ್ಟನೆ ನಿಂತರೆ ಒಳಗಿನದು ನಿಲ್ಲುವುದಿಲ್ಲ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗಿನ ಕುಲುಕಾಟವನ್ನು ತಡೆಯಲಾರದು. ನರಕೋಶಗಳ ಒಳಗೆ ಸಾಗಾಟಕ್ಕೆಂದು ಹಳಿಗಳಂಥ ರಚನೆ ಇದೆ. ಆ ಹಳಿಗಳನ್ನು ಹಿಡಿದಿಡುವುದು ಟೌ. ಪದೇ ಪದೇ ಕುಲುಕಿದರೆ ಅದು ಬಿಚ್ಚಿಕೊಂಡು ಮುದ್ದೆಗಟ್ಟುತ್ತದೆ. ವರ್ಷಗಳು ಕಳೆದಂತೆ ಕೋಶಗಳು ಸಾಯುತ್ತವೆ. ಮರೆವು, ಸಿಟ್ಟು, ಖಿನ್ನತೆ ಒಂದೊಂದಾಗಿ ಬರುತ್ತವೆ. ಈ ರೋಗಕ್ಕೆ ಚುಟುಕಾಗಿ ಸಿ.ಟಿ.ಇ. ಎನ್ನುತ್ತಾರೆ. ಬಾಕ್ಸಿಂಗ್ ಆಡುವವರಲ್ಲಿ ಇಂಥದೇ ಸ್ಥಿತಿ ಇರುವುದನ್ನು 1928ರಲ್ಲೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕನ್ ವೈದ್ಯರು ಬರೆದಿದ್ದರು. ಫುಟ್‌ಬಾಲ್ ವೃತ್ತಿ ಆಟಗಾರನಲ್ಲಿ ತೋರಿಸಿಕೊಟ್ಟ ಮೊದಲ ವರದಿ ಒಮಾಲು ಅವರದ್ದು. ಅಚ್ಚಾದದ್ದು 2005ರಲ್ಲಿ.

ಇಲ್ಲಿ ಲೈನ್‌ಮನ್‌ನ ಮಾತು ಮತ್ತೆ ಬರುತ್ತದೆ. ತಲೆ ಗಿರ್ರೆಂದು ಪ್ರಜ್ಞೆ ತಪ್ಪಿಸುವ ದೊಡ್ಡ ಏಟು ಟಿ.ವಿ.ಯಲ್ಲಿ ಕಾಣುತ್ತದೆ, ಡಾಕ್ಟರು ಓಡಿಬರುತ್ತಾರೆ. ಗೆರೆಯ ಮೇಲೆ ಪ್ರತಿ ಸಲವೂ ಬೀಳುವ ಸಣ್ಣ ಸಣ್ಣ ಢಿಕ್ಕಿ ಯಾರಿಗೂ ಕಾಣುವುದಿಲ್ಲ, ಅವನಿಗೂ ನೋವಾಗುವುದಿಲ್ಲ. ಆದರೆ ಹನಿ ಹನಿ ಕೂಡಿ ಹಳ್ಳವಾಗುತ್ತದೆ. ಒಮಾಲು ಅವರ ಎರಡನೆಯ ಕೇಸು ಟೆರ್ರಿ ಲಾಂಗ್, 2005ರಲ್ಲಿ ಆತ್ಮಹತ್ಯೆ ಮಾಡಿಕೊಂಡವನು. ಅವನೂ ಸ್ಟೀಲರ್ಸ್ ತಂಡದ ಗಾರ್ಡ್. ಆಮೇಲೆ ಬಂದವರಲ್ಲಿ 2004ರಲ್ಲಿ 36ನೇ ವಯಸ್ಸಿಗೆ ಕಾರು ಅಪಘಾತದಲ್ಲಿ ಸತ್ತ ಜಸ್ಟಿನ್ ಸ್ಟ್ರೆಲ್ಚಿಕ್ ಒಬ್ಬ. ಅವನೂ ಅದೇ ತಂಡದ ಲೈನ್‌ಮನ್. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಮತ್ತು ಸಂಗಡಿಗರು ಸತ್ತ 111 ವೃತ್ತಿ ಆಟಗಾರರ ಮಿದುಳು ಪರೀಕ್ಷಿಸಿದ್ದನ್ನು ಪ್ರಕಟಿಸಿದರು. 110ರಲ್ಲಿ ರೋಗ ಕಂಡಿತು. ಆ 110ರಲ್ಲಿ 44 ಮಂದಿ ಎರಡೂ ಬದಿಯ ಲೈನ್‌ಮನ್‌ಗಳು. ಒಂದು ಎಚ್ಚರಿಕೆ ಬೇಕು: ಸಂಶಯವಿದ್ದ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡಿರುತ್ತಾರೆ. ಆದ್ದರಿಂದ ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ರೋಗವಿದೆ ಎಂದು ಇದರ ಅರ್ಥವಲ್ಲ. ಸ್ಟ್ಯಾಟಿಸ್ಟಿಕ್ಸ್ ಓದುವ ಗೆಳೆಯರು ಇದನ್ನು ಗಮನಿಸಬೇಕು.

ಎರಡು ಪುಸ್ತಕ

ನಮ್ಮ ಕಡೆ ಕೆಲವು ಅಂಗಡಿಗಳಲ್ಲಿ ಇನ್‌ಕಮ್ ಟ್ಯಾಕ್ಸಿನವರಿಗೆ ಒಂದು, ಮನೆಗೆ ಒಂದು ಎಂದು ಎರಡು ಲೆಕ್ಕದ ಪುಸ್ತಕ ಇಡುತ್ತಾರೆ ಅನ್ನುವ ಮಾತಿದೆ. ವೆಬ್‌ಸ್ಟರ್ ವಿಷಯದಲ್ಲಿ ನನಗೆ ಅದೇ ನೆನಪಾಯಿತು. ಒಮಾಲು ಅವರ ಲೇಖನ ಬಂದಾಗ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ತಲೆಗಾಯ ಸಮಿತಿಯ ವೈದ್ಯರು ಅದನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆದರು. ಆದರೆ ಅದೇ ಲೀಗಿನ ಪೆನ್ಶನ್ ಮಂಡಳಿ, ಮಾಲೀಕರೂ ಯೂನಿಯನ್ನೂ ಸೇರಿ ನಡೆಸುವಂಥದು, ವೆಬ್‌ಸ್ಟರ್ ಬದುಕಿದ್ದಾಗಲೇ ಅವನ ಅರ್ಜಿಯ ಮೇಲೆ, ಇವನ ಅಸಾಮರ್ಥ್ಯಕ್ಕೆ ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಕಾರಣ ಎಂದು ಒಪ್ಪಿಕೊಂಡಿತ್ತು! ಅದು ಒಪ್ಪದಿದ್ದದ್ದು ತಾರೀಖನ್ನು. ಆಟ ಬಿಟ್ಟ ದಿನದಿಂದಲೇ ಅಸಮರ್ಥನಾಗಿದ್ದನೆಂದರೆ ಹೆಚ್ಚು ಹಣ, ಆಮೇಲೆ ಆದನೆಂದರೆ ಕಡಿಮೆ ಹಣ. ಮಂಡಳಿ ಕಡಿಮೆಯದನ್ನೇ ಕೊಟ್ಟಿತು. ಅವನು ಸತ್ತ ಮೇಲೂ ಕೇಸು ನಡೆಯಿತು. 2006ರ ಡಿಸೆಂಬರಿನಲ್ಲಿ ಮೇಲಿನ ಕೋರ್ಟು ಅವನ ಪರವಾಗಿ ತೀರ್ಪು ಕೊಟ್ಟಿತು. ಹತ್ತು ಲಕ್ಷ ಡಾಲರ್ ದಾಟಿದ ಮೊತ್ತ ವಾರಸುದಾರರಿಗೆ ಬಂತು. ಟ್ರಕ್ಕಿನಲ್ಲಿ ಮಲಗಿದವನಿಗೆ ಮಾತ್ರ ಅದು ಸಿಗಲಿಲ್ಲ.

2011ರಿಂದ ಉಳಿದ ಆಟಗಾರರೂ ಕೋರ್ಟಿಗೆ ಹೋದರು. 4,500ಕ್ಕೂ ಹೆಚ್ಚು ಮಂದಿ. 2013ರಲ್ಲಿ ಲೀಗು 76.5 ಕೋಟಿ ಡಾಲರಿಗೆ ರಾಜಿಗೆ ಒಪ್ಪಿತು. ಇದು ಸಾಲುವುದೆಂದು ಹೇಗೆ ಹೇಳುತ್ತೀರಿ ಎಂದು ನ್ಯಾಯಾಧೀಶೆ ಅನಿತಾ ಬ್ರೋಡಿ ಪ್ರಶ್ನಿಸಿದ ಮೇಲೆ ಮಿತಿಯನ್ನು ತೆಗೆದರು. 2015ರಲ್ಲಿ ಒಪ್ಪಿಗೆ ಸಿಕ್ಕಿತು. ಕೊಟ್ಟ ಹಣ ನೂರು ಕೋಟಿ ಡಾಲರ್ ದಾಟಿದೆ. ಅದರಲ್ಲೂ ಕೊಕ್ಕೆಗಳಿದ್ದವು. ಮರೆವಿನ ಪರೀಕ್ಷೆಯಲ್ಲಿ ಕರಿಯ ಆಟಗಾರರ ಬುದ್ಧಿಶಕ್ತಿ ಮೊದಲಿಂದಲೇ ಕಡಿಮೆಯಿತ್ತೆಂದು ಹಿಡಿದು ಲೆಕ್ಕ ಹಾಕುವ ಪದ್ಧತಿ ಇತ್ತು. ಅಂದರೆ ಒಂದೇ ರೋಗಕ್ಕೆ ಅವರಿಗೆ ಹಣ ಸಿಗುವುದು ಕಷ್ಟ. ಆಟಗಾರರ ಹೋರಾಟದಿಂದ 2021ರಲ್ಲಿ ಅದನ್ನು ಕೈಬಿಡಲು ಒಪ್ಪಿದರು.

ಸುಧಾರಣೆಯೇ ಆಗಿಲ್ಲ ಎಂದರೆ ಸುಳ್ಳಾದೀತು. 2011ರ ಕರಾರಿನಿಂದ ಪ್ಯಾಡು ಕಟ್ಟಿ ಢಿಕ್ಕಿ ಹೊಡೆಯುವ ಅಭ್ಯಾಸಕ್ಕೆ ಮಿತಿ ಬಂತು. 2022ರಲ್ಲಿ ಲೈನ್‌ಮನ್‌ಗಳು ಅಭ್ಯಾಸ ಶಿಬಿರದಲ್ಲಿ ಹೆಲ್ಮೆಟ್ಟಿನ ಮೇಲೆ ಮೆತ್ತನೆಯ ಹೊದಿಕೆ ಹಾಕಬೇಕೆಂಬ ನಿಯಮ ಬಂತು. ಆದರೂ ಬದುಕಿರುವವನ ಮಿದುಳಿನಲ್ಲಿ ಈ ರೋಗವನ್ನು ಖಚಿತವಾಗಿ ಗುರುತಿಸುವ ಪರೀಕ್ಷೆ ಇನ್ನೂ ಬಂದಿಲ್ಲ. ಲೆಕ್ಕ ಪಕ್ಕಾ ಆಗುವುದು ಖಾತೆ ಮುಚ್ಚಿದ ಮೇಲೆಯೇ.

ಇನ್ನಿಬ್ಬರು

ವೆಬ್‌ಸ್ಟರ್ ಒಬ್ಬನ ಕತೆಯಿಂದ ಎಲ್ಲರನ್ನೂ ಅಳೆಯುವುದು ತಪ್ಪು. ರೈಡರ್ಸ್ ತಂಡದ ಸೆಂಟರ್ ಜಿಮ್ ಆಟೊ 1960ರಿಂದ 1974ರವರೆಗೆ 210 ಪಂದ್ಯ ಒಂದೂ ತಪ್ಪದೆ ಆಡಿದ. ಅವನ ಅಂಗಿಯ ನಂಬರು ಎರಡು ಸೊನ್ನೆ. ಆಟದ ಗಾಯಗಳಿಗಾಗಿ ಅವನಿಗೆ 70ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಆದವು, 2007ರಲ್ಲಿ ಬಲಗಾಲನ್ನೇ ಕತ್ತರಿಸಿದರು. 2024ರಲ್ಲಿ 86ನೇ ವಯಸ್ಸಿಗೆ ತೀರಿಕೊಂಡ. ಆಡಿದ್ದಕ್ಕೆ ಪಶ್ಚಾತ್ತಾಪವಿಲ್ಲವೆಂದೇ ಹೇಳುತ್ತಿದ್ದ. ಅವನ ಮಾತನ್ನೂ ನಾವು ಗೌರವಿಸಬೇಕು. ತನ್ನ ಕೆಲಸದ ಮೇಲೆ ಮನುಷ್ಯನಿಗೆ ಇರುವ ಅಭಿಮಾನ ಕೇವಲ ಸಂಬಳದ ಲೆಕ್ಕವಲ್ಲ.

ಇನ್ನೊಬ್ಬ ಜಾನ್ ಅರ್ಶೆಲ್. ವೆಬ್‌ಸ್ಟರ್‌ಗಿಂತ ಸರಿಯಾಗಿ 40 ವರ್ಷದ ನಂತರ, 2014ರಲ್ಲಿ, ಅವನ ಹಾಗೆಯೇ ಐದನೆಯ ಸುತ್ತಿನಲ್ಲಿ ಆಯ್ಕೆಯಾದವನು. ಬಾಲ್ಟಿಮೋರ್ ರೇವನ್ಸ್ ತಂಡದ ಗಾರ್ಡ್, ಜೊತೆಗೆ ಎಂ.ಐ.ಟಿ. ಸಂಸ್ಥೆಯಲ್ಲಿ ಗಣಿತದ ಪಿಎಚ್.ಡಿ. ವಿದ್ಯಾರ್ಥಿ! 2015ರಲ್ಲಿ ಅಭ್ಯಾಸದ ವೇಳೆ ತಲೆಗೆ ಪೆಟ್ಟು ಬಿದ್ದು, ಕೆಲವು ಕಾಲ ಮೇಲ್ಮಟ್ಟದ ಗಣಿತ ಮಾಡಲಾಗದೆ ಒದ್ದಾಡಿದ. 2017ರ ಜುಲೈನಲ್ಲಿ, ಮೇಲೆ ಹೇಳಿದ 111 ಮಿದುಳುಗಳ ವರದಿ ಬಂದ ಎರಡನೆಯ ದಿನ, 26ನೇ ವಯಸ್ಸಿಗೇ ಆಟ ಬಿಟ್ಟ. 2023ರಲ್ಲಿ ಅದೇ ಎಂ.ಐ.ಟಿ.ಯಲ್ಲಿ ಅಧ್ಯಾಪಕನಾಗಿ ಸೇರಿದ. ಹೊರಗೆ ಕಾಲಿಡಲು ಅವನಿಗೆ ಇನ್ನೊಂದು ಬಾಗಿಲಿತ್ತು. ಬಾಗಿಲು ಎಲ್ಲಿದೆಯೆಂದು ತೋರಿಸುವ ತಿಳುವಳಿಕೆಯೂ ಆ ಹೊತ್ತಿಗೆ ಬಂದಿತ್ತು. ವೆಬ್‌ಸ್ಟರ್‌ಗೆ ಎರಡೂ ಇರಲಿಲ್ಲ.

ಸವಕಳಿ ನಿಧಿ

ಕಾಮರ್ಸಿನಲ್ಲಿ ಯಂತ್ರ ಕೊಂಡರೆ ಪ್ರತಿ ವರ್ಷ ಅದರ ಸವಕಳಿ ತೆಗೆದು ಬರೆಯಬೇಕು. ಹತ್ತು ವರ್ಷ ದುಡಿಯುವ ಲೇತು ಹತ್ತು ವರ್ಷಕ್ಕೆ ಸವೆಯುತ್ತದೆಂದು ಎಲ್ಲರೂ ಮೊದಲೇ ಒಪ್ಪಿರುತ್ತಾರೆ. ಲಾಭ ಹಂಚುವ ಮೊದಲು ಅಷ್ಟನ್ನು ಎತ್ತಿಡದಿದ್ದರೆ ಆ ಬ್ಯಾಲೆನ್ಸ್ ಶೀಟೇ ಸುಳ್ಳು ಅಂತ ನಮಗೆ ಕಲಿಸುತ್ತಾರೆ. ಮನುಷ್ಯನ ಮೈ ಸವೆದರೆ ಮಾತ್ರ ಅಂಥ ಕಲಮಿಲ್ಲ. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಒಂದು ಗೋದಾಮಿನಲ್ಲಿ ಚೀಲ ಹೊತ್ತವರು. ಈಗ ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಅವರು ಹೊತ್ತ ಚೀಲಗಳ ಲೆಕ್ಕ ಮಾಲೀಕನ ವಹಿಯಲ್ಲಿದೆ, ಅವರ ಸೊಂಟದ ಲೆಕ್ಕ ಯಾವ ವಹಿಯಲ್ಲೂ ಇಲ್ಲ. ಕೋಟಿ ಡಾಲರಿನ ಆಟಕ್ಕೂ ಗೋದಾಮಿಗೂ ಹೋಲಿಕೆ ಎಲ್ಲಿಯದು ಅಂತೀರಾ? ಸಂಬಳದಲ್ಲಿ ಇಲ್ಲ, ಒಪ್ಪುತ್ತೇನೆ. ಆದರೆ ಸವಕಳಿಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಯಲ್ಲಿ ಇದೆ. ದುಡಿಸಿಕೊಂಡವನೋ, ದುಡಿದವನೋ, ಟಿಕೆಟು ಕೊಂಡು ಚಪ್ಪಾಳೆ ತಟ್ಟಿದವನೋ? ವೆಬ್‌ಸ್ಟರ್‌ನ ಮಟ್ಟಿಗೆ ಅದನ್ನು ಹೊತ್ತದ್ದು ಅವನು ಮತ್ತು ಅವನ ಮನೆಯವರು.

ಸಾಹಿತ್ಯದ ಪತ್ರಿಕೆಯಲ್ಲಿ ಇದೇಕೆ ಎಂಬ ಪ್ರಶ್ನೆಗೆ ಈಗ ನನ್ನ ಉತ್ತರ. ಗೆದ್ದವನ ಹೆಸರು ಪಟ್ಟಿಯಲ್ಲಿ ಹೇಗೂ ಇರುತ್ತದೆ. ಪಟ್ಟಿಯಲ್ಲಿ ಜಾಗವಿಲ್ಲದವನ ಹೆಸರು ಎಲ್ಲಾದರೂ ಬರೆಯಬೇಕಾದರೆ ಅದು ನಮ್ಮಂಥವರ ಪತ್ರಿಕೆಯಲ್ಲೇ ತಾನೆ? ಮುಂದೆ ಎಂದಾದರೂ ಟಿ.ವಿ.ಯಲ್ಲಿ ಈ ಆಟ ಕಂಡರೆ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಒಂದೆರಡು ಸಲವಾದರೂ ಗೆರೆಯ ಮೇಲೆ ಬಗ್ಗಿ ನಿಂತ ಐವರನ್ನು ನೋಡಿ, ಮೂರು ಸೆಕೆಂಡು ಎಣಿಸಿ. ಆ ಮೂರು ಸೆಕೆಂಡಿನ ಬೆಲೆಯನ್ನು ಯಾರು ಕೊಡಬೇಕು ಎಂಬುದರ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಬಳಗದ ಮುಂದಿನ ಸಭೆಯಲ್ಲಿ ಹೇಳಿ, ಜಗಳಕ್ಕೂ ನಾನು ಸಿದ್ಧ.